ಪುಟ್ಟ ಕೈತೋಟಕ್ಕೆ ಹಕ್ಕಿಗಳ ಮರ: ಆರಿಸುವುದು ಹೇಗೆ, ನೆಡುವುದು ಹೇಗೆ

ಮನೆ ಪಕ್ಕದಲ್ಲಿ ಒಂದಿಷ್ಟು ಮಣ್ಣಿದೆ. ಅಲ್ಲಿ ಒಂದು ಮರಕ್ಕೆ, ಹೆಚ್ಚೆಂದರೆ ಎರಡು ಮರಕ್ಕೆ ಜಾಗ ಇದೆ. ಆ ಮರಕ್ಕೆ ಹಕ್ಕಿಗಳು ಬರಬೇಕು ಅನ್ನೋದು ನಿಮ್ಮ ಆಸೆ. ಯಾರನ್ನು ಕೇಳಿದರೂ 'ಯಾವುದಾದರೂ ಹಣ್ಣಿನ ಮರ ಹಾಕಿ, ಹಕ್ಕಿ ತಾನಾಗಿ ಬರುತ್ತೆ' ಅನ್ನುತ್ತಾರೆ. ಮಾತು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಬಹಳಷ್ಟು ಮರಗಳಲ್ಲಿ ಹಣ್ಣು ವರ್ಷಕ್ಕೆ ಕೆಲವೇ ವಾರ ಇರುತ್ತದೆ. ಉಳಿದ ದಿನ ಹಕ್ಕಿ ಅಲ್ಲಿಗೆ ಯಾಕೆ ಬರಬೇಕು? ಹುಳ ಸಿಗುತ್ತದೆ ಅಂತ ಬರುತ್ತದೆ. ಬೆಕ್ಕಿನ ಕಣ್ಣು ತಪ್ಪಿಸಿ ಕೂರಲು ಬರುತ್ತದೆ. ಗೂಡಿಗೆ ಒಂದು ಒಳ್ಳೆಯ ಕವಲು ಹುಡುಕಿಕೊಂಡು ಬರುತ್ತದೆ. ಇದೆಲ್ಲ ಸಿಗಬೇಕಾದರೆ ಆ ಮರ ಹತ್ತಿಪ್ಪತ್ತು ವರ್ಷ ಕೊಡಲಿ ಕಾಣದೆ ನಿಲ್ಲಬೇಕು.

ಹಾಗಾಗಿ ಮರ ಆರಿಸುವ ಮೊದಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪೂರ್ತಿ ಬೆಳೆದ ಮೇಲೂ ಇದು ಈ ಜಾಗದಲ್ಲಿ ಹಿಡಿಸುತ್ತದಾ? ಇದರ ಎಲೆ ತಿಂದು ಬದುಕುವ ಹುಳಗಳು ಈ ನೆಲದಲ್ಲಿ ಇವೆಯಾ? ಹೂವು, ಹಣ್ಣಿನ ಮಾತು ಇವೆರಡರ ನಂತರ.

ಹೆಜ್ಜೆ 1: ಬೆಳೆದ ಮರವನ್ನು ಮನಸ್ಸಿನಲ್ಲಿ ನಿಲ್ಲಿಸಿ

ನರ್ಸರಿಯಲ್ಲಿ ಎಲ್ಲ ಗಿಡಗಳೂ ಮೊಣಕಾಲುದ್ದವೇ ಇರುತ್ತವೆ. ಬೇವಿನ ಸಸಿಯೂ ದಾಳಿಂಬೆ ಸಸಿಯೂ ಅಕ್ಕಪಕ್ಕ ಒಂದೇ ಅಳತೆಯಲ್ಲಿ ಕಾಣುತ್ತವೆ. ಆದರೆ ಬೇವು 50 ಅಡಿ ದಾಟಿ ಹೋಗಬಲ್ಲದು, ದಾಳಿಂಬೆ 15 ಅಡಿ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಪುಟ್ಟ ತೋಟಕ್ಕೆ 15ರಿಂದ 25 ಅಡಿ ಎತ್ತರದ ಮರಗಳು ಸಾಕು. ಜಾಗ ಸ್ವಲ್ಪ ಜಾಸ್ತಿ ಇದ್ದರೆ 30 ಅಡಿವರೆಗೂ ಹೋಗಬಹುದು.

ಎತ್ತರಕ್ಕಿಂತ ಅಗಲದ್ದೇ ತೊಂದರೆ. ಹೀಗೆ ಮಾಡಿ ನೋಡಿ. ಮರ ಎಲ್ಲಿ ಬರಬೇಕೋ ಅಲ್ಲಿ ಒಂದು ಗೂಟ ಹೊಡೆಯಿರಿ. ಆ ಮರದ ಕೊಂಬೆಗಳು ಒಟ್ಟು 20 ಅಡಿ ಅಗಲ ಹರಡುತ್ತವೆ ಅಂತಾದರೆ ಗೂಟಕ್ಕೆ 10 ಅಡಿ ಹಗ್ಗ ಕಟ್ಟಿ. ಹಗ್ಗದ ತುದಿ ಹಿಡಿದು ಸುತ್ತ ಒಂದು ಸುತ್ತು ನಡೆಯಿರಿ. ಹಗ್ಗ ಗೋಡೆಗೆ ಬಡಿಯಿತಾ? ಪಕ್ಕದ ಮನೆಯ ಕಾಂಪೌಂಡ್ ದಾಟಿತಾ? ನಾಳೆ ಕೊಂಬೆಗಳೂ ಅಲ್ಲಿಗೇ ಹೋಗುತ್ತವೆ. ಆಗ ಪ್ರತಿ ವರ್ಷ ಒಂದು ಕಡೆ ಕಡಿಯುತ್ತಾ ಇರಬೇಕಾಗುತ್ತದೆ, ಗೂಡುಗಳೂ ಅದರ ಜೊತೆ ಹೋಗುತ್ತವೆ. ಒಂದೋ ಗೂಟ ಸರಿಸಿ, ಇಲ್ಲವೇ ಚಿಕ್ಕ ಮರ ಆರಿಸಿ.

ಹಾಗೇ ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಹಾದುಹೋಗಿದ್ದರೆ ಅದರ ಕೆಳಗೆ ಮರ ಬೇಡವೇ ಬೇಡ. ಪೊದೆ ಜಾತಿಯ ಗಿಡ ಸಾಕು. ಕೆಳಗೆ ನೀರಿನ ಪೈಪು, ಚರಂಡಿ ಎಲ್ಲಿ ಹಾದಿದೆ ಅಂತಲೂ ತಿಳಿದುಕೊಳ್ಳಿ. ಬೇರು ಗಟ್ಟಿ ಪೈಪನ್ನು ಸುಮ್ನೆ ಒಡೆಯುವುದು ಕಡಿಮೆ. ಎಲ್ಲೋ ಸೋರುವ ಬಿರುಕು ಸಿಕ್ಕರೆ ಅಲ್ಲಿಗೆ ನುಗ್ಗುತ್ತದೆ. ಮನೆ ಗೋಡೆಯಿಂದ ಚಿಕ್ಕ ಮರಕ್ಕೂ 10 ಅಡಿ ದೂರ ಇರಲಿ.

ಬಿಸಿಲಿನ ಲೆಕ್ಕ ಸುಲಭ. ಹೂವು, ಹಣ್ಣು ಚೆನ್ನಾಗಿ ಬಿಡಬೇಕಾದರೆ ಹೆಚ್ಚಿನ ಮರಗಳಿಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು.

ಹೆಜ್ಜೆ 2: ಸುತ್ತಮುತ್ತ ಈಗಾಗಲೇ ಏನಿದೆ ನೋಡಿ

ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ನಿಮ್ಮ ಒಂದು ಮರ ಇಡೀ ಕಾಡಾಗಲು ಸಾಧ್ಯವಿಲ್ಲ. ಬೀದಿಯಲ್ಲಿ, ಪಕ್ಕದ ಮನೆಗಳಲ್ಲಿ ಇರುವ ಮರಗಳ ಜೊತೆ ಸೇರಿ ಅದು ಕೆಲಸ ಮಾಡುತ್ತದೆ. ಕೂಗಳತೆಯಲ್ಲಿ ದೊಡ್ಡ ಅತ್ತಿಯೋ ಅರಳಿಯೋ ಇದ್ದರೆ ಹಣ್ಣಿಗೆ ಬರುವ ಹಕ್ಕಿಗಳಿಗೆ ಅಲ್ಲೇ ಹಬ್ಬ. ನಿಮ್ಮ ಮರ ಆಗ ದಟ್ಟ ಎಲೆಯ ಆಸರೆ ಕೊಟ್ಟರೆ ಹೆಚ್ಚು ಉಪಯೋಗ. ಸುತ್ತ ಬರೀ ಎತ್ತರದ ಮರಗಳಿದ್ದರೆ, ಆಳೆತ್ತರದಿಂದ ಎರಡಾಳೆತ್ತರದವರೆಗೆ ಕೊಂಬೆ ಹರಡುವ ಮರ ಬೇಕು. ಪಿಕಳಾರ, ಟುವ್ವಿಹಕ್ಕಿ, ಸೂರಕ್ಕಿ ಮುಂತಾದ ಚಿಕ್ಕ ಹಕ್ಕಿಗಳು ಓಡಾಡುವುದು, ಗೂಡು ಮಾಡುವುದು ಹೆಚ್ಚಾಗಿ ಆ ಎತ್ತರದಲ್ಲೇ.

ಬೆಳಗ್ಗೆ ಸೂರ್ಯ ಹುಟ್ಟಿದ ಒಂದೆರಡು ಗಂಟೆ ಹಕ್ಕಿಗಳ ಓಡಾಟ ಜೋರಾಗಿರುತ್ತದೆ. ಆಗ ಕೆಲವು ದಿನ ಸುಮ್ನೆ ಕೂತು ನೋಡಿ. ಯಾವ ಹಕ್ಕಿ ಬಂತು ಅನ್ನೋದಕ್ಕಿಂತ ಅದು ಏನು ಮಾಡಿತು ಅನ್ನೋದನ್ನು ಬರೆದಿಡಿ. ಎಲೆ ಅಡಿ ಕೆದಕುತ್ತಿತ್ತಾ, ಹೂವಿಗೆ ಕೊಕ್ಕು ಹಾಕುತ್ತಿತ್ತಾ, ನೆಲದಲ್ಲಿ ಕಾಳು ಆರಿಸುತ್ತಿತ್ತಾ, ತಂತಿಯ ಮೇಲೆ ಸುಮ್ಮನೆ ಕೂತು ಹಾರಿಹೋಯಿತಾ? ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ತೋಟದಲ್ಲಿ ಏನು ಕೊರತೆ ಅನ್ನೋದು ಆ ಚೀಟಿಯಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 3: ಹಣ್ಣಿಗಿಂತ ಮೊದಲು ಹುಳ

ಸೂರಕ್ಕಿ ಮಕರಂದ ಕುಡಿದು ಬದುಕುತ್ತದೆ, ಪಿಕಳಾರ ಹಣ್ಣು ತಿಂದು ಬದುಕುತ್ತದೆ. ಆದರೆ ಮರಿಗೆ ತಂದು ಕೊಡುವಾಗ ಎರಡೂ ಹುಳ ಹಿಡಿಯುತ್ತವೆ. ಬೆಳೆದ ಹಕ್ಕಿ ಕಾಳು ತಿನ್ನುವ ಜಾತಿಯಾದರೂ, ಗುಬ್ಬಚ್ಚಿಯ ಹಾಗೆ, ಎಳೆ ಮರಿಗೆ ಕೊಡುವುದು ಹುಳವನ್ನೇ. ಮೈ ಬೆಳೆಯಲು, ರೆಕ್ಕೆ ಬಲಿಯಲು ಮರಿಗೆ ಪ್ರೋಟೀನ್ ಬೇಕು. ಮೆತ್ತಗಿನ ಎಲೆಹುಳ ನುಂಗಲೂ ಸುಲಭ, ಅರಗಲೂ ಸುಲಭ.

ಎಷ್ಟು ಹುಳ ಬೇಕು ಗೊತ್ತಾ? ಉತ್ತರ ಅಮೆರಿಕದಲ್ಲಿ ಚಿಕಡಿ ಅಂತ ಒಂದು ಪುಟ್ಟ ಹಕ್ಕಿ ಇದೆ. ತೂಕ ಹತ್ತು ಹನ್ನೊಂದು ಗ್ರಾಂ. ಅದರ ಒಂದು ಗೂಡಿನ ಮರಿಗಳು ರೆಕ್ಕೆ ಬಲಿತು ಹಾರುವಷ್ಟರಲ್ಲಿ 6,000ದಿಂದ 9,000 ಎಲೆಹುಳಗಳನ್ನು ತಿಂದಿರುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಮನೆ ತೋಟಗಳಲ್ಲಿ ಇದೇ ಹಕ್ಕಿಯ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತೋಟದ ಗಿಡಮರಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಪಾಲು ಆ ನೆಲದ ಜಾತಿಗಳೇ ಇದ್ದ ಕಡೆ ಮಾತ್ರ ಹಕ್ಕಿ ತನ್ನ ಸಂಖ್ಯೆ ಉಳಿಸಿಕೊಳ್ಳುವಷ್ಟು ಮರಿ ಮಾಡಿತ್ತು. ಹೊರಗಿನ ಅಲಂಕಾರದ ಮರಗಳೇ ತುಂಬಿದ್ದ ತೋಟಗಳೂ ಹಸಿರಾಗಿಯೇ ಇದ್ದವು. ಆದರೆ ಅಲ್ಲಿ ಮರಿಗೆ ಸಾಕಾಗುವಷ್ಟು ಹುಳ ಇರಲಿಲ್ಲ.

ಕಾರಣ ಸರಳ. ಪ್ರತಿ ಗಿಡವೂ ತನ್ನ ಎಲೆಯಲ್ಲಿ ಏನಾದರೊಂದು ರಾಸಾಯನಿಕ ಇಟ್ಟುಕೊಂಡು ತಿನ್ನುವವರನ್ನು ತಡೆಯುತ್ತದೆ. ಆ ರಾಸಾಯನಿಕವನ್ನು ಜೀರ್ಣಿಸಿಕೊಳ್ಳುವುದನ್ನು ಒಂದೊಂದು ಜಾತಿಯ ಹುಳ ಬಹು ದೀರ್ಘ ಕಾಲದಲ್ಲಿ ರೂಢಿಸಿಕೊಂಡಿರುತ್ತದೆ. ಹಾಗಾಗಿ ಹೆಚ್ಚಿನ ಎಲೆಹುಳಗಳು ಒಂದೆರಡು ಕುಟುಂಬದ ಗಿಡಗಳನ್ನು ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ದೂರದ ಖಂಡದಿಂದ ತಂದ ಮರದ ಎಲೆ ಇಲ್ಲಿನ ಹುಳಕ್ಕೆ ತಿನ್ನಲು ಬಾರದ ಸೊಪ್ಪು. ಅದು ಎಷ್ಟೇ ದಟ್ಟವಾಗಿ ಬೆಳೆದರೂ ಹಕ್ಕಿಯ ಪಾಲಿಗೆ ಹೆಚ್ಚುಕಡಿಮೆ ಖಾಲಿ.

ಇದನ್ನು ಹತ್ತಿರದಿಂದ ನೋಡಬೇಕಾದರೆ ನಿಂಬೆ ಗಿಡದ ಚಿಗುರು ತಿರುವಿ ನೋಡಿ. ಎಲೆಯ ಮೇಲೆ ಕಂದು ಬಿಳಿ ಬಣ್ಣದ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಪುಟ್ಟ ಕೊಂಬು ಹೊರಗೆ ಬರುತ್ತವೆ, ಜೊತೆಗೆ ಘಾಟು ವಾಸನೆ. ಅದು ನಿಂಬೆ ಚಿಟ್ಟೆಯ ಎಳೆ ಹುಳ. ಹಿಕ್ಕೆಯ ವೇಷ ಹಾಕಿ ಹಕ್ಕಿಯಿಂದಲೇ ತಪ್ಪಿಸಿಕೊಳ್ಳುತ್ತಿರುತ್ತದೆ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಎಲೆಯ ಹಾಗೆ ಹಸಿರಾಗುತ್ತದೆ. ಇದೇ ಹುಳ ಕರಿಬೇವಿನ ಮೇಲೂ, ಬಿಲ್ವಪತ್ರೆಯ ಮೇಲೂ ಸಿಗುತ್ತದೆ, ಯಾಕೆಂದರೆ ಮೂರೂ ಒಂದೇ ಕುಟುಂಬದ ಗಿಡಗಳು. ಟುವ್ವಿಹಕ್ಕಿ ಒಂದೊಂದೇ ಎಲೆ ತಡಕುತ್ತಾ ಕೊಂಬೆಯಿಂದ ಕೊಂಬೆಗೆ ಹಾರುವುದು ಇಂಥ ಹುಳ, ಜೇಡಗಳಿಗಾಗಿ.

ಹೀಗಾಗಿ, ತೂತು ಬಿದ್ದ ಎಲೆ ಕಂಡರೆ ಬೇಸರ ಬೇಡ. ಹುಳ ಬಿದ್ದಿದೆ ಅಂತ ಔಷಧಿ ಹೊಡೆಯಲೂಬೇಡಿ. ಎಲೆಗೆ ವಿಷ ಹೊಡೆದು ಆಮೇಲೆ ಹಕ್ಕಿ ಬರಲಿಲ್ಲ ಅಂದರೆ ಏನು ಪ್ರಯೋಜನ, ಅಲ್ವಾ? ಸಸಿ ತೀರಾ ಎಳೆಯದಿದ್ದು ಎಲೆಯೆಲ್ಲ ಖಾಲಿಯಾಗುತ್ತಿದ್ದರೆ ಕೈಯಿಂದ ಕೆಲವು ಹುಳ ತೆಗೆದು ಅದೇ ಕುಟುಂಬದ ಬೇರೆ ಗಿಡಕ್ಕೆ ಬಿಡಿ. ಬೆಳೆದ ಮರ ಹುಳ ತಿಂದಷ್ಟೂ ಚಿಗುರುತ್ತದೆ.

ಹೆಜ್ಜೆ 4: ಹೂವು, ಹಣ್ಣು ನೋಡುವ ಬಗೆ

ಹೂವಿನಲ್ಲಿ ಸುತ್ತು ಜಾಸ್ತಿ ಇದ್ದಷ್ಟೂ ನಮ್ಮ ಕಣ್ಣಿಗೆ ಚಂದ. ಹಕ್ಕಿಗೆ ಅದು ಅಷ್ಟು ಉಪಯೋಗ ಇಲ್ಲ. ಹಲವು ಸುತ್ತಿನ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಮಕರಂದದ ದಾರಿ ಮುಚ್ಚಿಹೋಗಿರುತ್ತದೆ. ದಾಸವಾಳವಾಗಲಿ ದಾಳಿಂಬೆಯಾಗಲಿ, ಒಂದೇ ಸುತ್ತು ಎಸಳಿರುವುದನ್ನೇ ಹುಡುಕಿ. ಹೂವಿಗೆಂದೇ ಬೆಳೆಸುವ ಮುದ್ದೆ ಹೂವಿನ ದಾಳಿಂಬೆ ಹಣ್ಣನ್ನೂ ಅಷ್ಟಾಗಿ ಕೊಡುವುದಿಲ್ಲ.

ಹಣ್ಣು ಚಿಕ್ಕದಿದ್ದಷ್ಟೂ ಹೆಚ್ಚು ಜಾತಿಯ ಹಕ್ಕಿಗಳಿಗೆ ಎಟುಕುತ್ತದೆ. ಹೆಚ್ಚಿನ ಹಕ್ಕಿಗಳು ಹಣ್ಣನ್ನು ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತವೆ. ಬಾಯಿ ಎಷ್ಟು ತೆರೆಯುತ್ತದೋ ಅಷ್ಟೇ ಗಾತ್ರದ ಹಣ್ಣು ಒಳಗೆ ಹೋಗುತ್ತದೆ. ಬಟಾಣಿ ಕಾಳಿನಷ್ಟು ದಪ್ಪದ ಹಣ್ಣನ್ನು ಪಿಕಳಾರ ಸಲೀಸಾಗಿ ನುಂಗುತ್ತದೆ. ಸೀಬೆಯಂಥ ದೊಡ್ಡ ಹಣ್ಣನ್ನು ಮೊದಲು ಗಿಳಿಯೋ ಅಳಿಲೋ ಕಚ್ಚಿ ತೆರೆಯಬೇಕು. ಆಮೇಲೆ ಉಳಿದವರ ಸರದಿ.

ಇನ್ನೊಂದು ವಿಷಯ. ಕೆಲವು ಜಾತಿಗಳಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಸಸಿ ತಂದರೆ ಹಣ್ಣು ಬಿಡುತ್ತದೋ ಇಲ್ಲವೋ ಅಂತ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಹಣ್ಣು ಬಿಡುತ್ತಿರುವ ಮರದ ಕಡ್ಡಿಯಿಂದ ಮಾಡಿದ ಗಿಡವನ್ನೋ ಕಸಿ ಗಿಡವನ್ನೋ ತಂದರೆ ಆ ಗೊಂದಲ ಇಲ್ಲ. ಕಸಿ ಗಿಡ ಬೇಗ ಹಣ್ಣಿಗೆ ಬರುತ್ತದೆ, ಎತ್ತರವೂ ಸಾಮಾನ್ಯವಾಗಿ ಹಿಡಿತದಲ್ಲಿರುತ್ತದೆ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಚಿವುಟುತ್ತಿರಿ.

ಹೆಜ್ಜೆ 5: ಕೊಂಬೆ ಹೇಗಿದೆ?

ಗೂಡಿಗೆ ಬೇಕಾದ್ದು ಮೂರು ನಾಲ್ಕು ಕಡ್ಡಿ ಒಂದೇ ಕಡೆಯಿಂದ ಕವಲೊಡೆಯುವ ಜಾಗ, ಮೇಲೆ ಎಲೆಯ ಮರೆ. ಕಂಬದ ಹಾಗೆ ನೆಟ್ಟಗೆ ಬೆಳೆದು ತುದಿಯಲ್ಲಿ ಮಾತ್ರ ಎಲೆ ಇರುವ ಮರಗಳಲ್ಲಿ ಇದು ಸಿಗುವುದಿಲ್ಲ. ಬುಡದಿಂದಲೇ ಹಲವು ಕಾಂಡ ಹೊರಡುವ, ಪೊದೆಯ ಸ್ವಭಾವದ ಮರಗಳು ಚಿಕ್ಕ ಹಕ್ಕಿಗಳಿಗೆ ತುಂಬ ಇಷ್ಟ. ಮುಳ್ಳಿದ್ದರೆ ಇನ್ನೂ ಒಳ್ಳೆಯದು. ನಿಂಬೆ, ದಾಳಿಂಬೆ, ಬಿಲ್ವಪತ್ರೆಗಳ ಮುಳ್ಳಿನೊಳಗೆ ಬೆಕ್ಕು, ಕಾಗೆ ಸುಲಭವಾಗಿ ಬಾಯಿ ಹಾಕುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಳ್ಳಿನ ಮರವನ್ನು ಓಡಾಡುವ ದಾರಿಯಿಂದ ದೂರ ನೆಟ್ಟರಾಯಿತು.

ಟುವ್ವಿಹಕ್ಕಿಗೆ ಅಗಲವಾದ ಎಲೆ ಬೇಕು. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಮಾಡಿ, ಜೇಡರ ಬಲೆಯ ಎಳೆ ಅಥವಾ ಹತ್ತಿಯ ನಾರನ್ನು ಅದರೊಳಗೆ ತೂರಿಸಿ, ಎರಡಂಚನ್ನು ಸೇರಿಸಿ ಚೀಲದ ಹಾಗೆ ಹೊಲಿಯುತ್ತದೆ. ಹೊರಗಡೆ ಎಳೆಯ ತುದಿ ಕುಚ್ಚಿನಂತೆ ಉಬ್ಬಿರುವುದರಿಂದ ಹೊಲಿಗೆ ಬಿಚ್ಚುವುದಿಲ್ಲ. ಸೂರಕ್ಕಿಯ ತೂಗುಗೂಡಿಗೂ ಜೇಡರ ಬಲೆಯೇ ಅಂಟು. ಮರದ ಮೇಲಿನ ಜೇಡರ ಬಲೆಯನ್ನು ಕೋಲು ಹಿಡಿದು ಗುಡಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹೆಜ್ಜೆ 6: ಇವುಗಳಲ್ಲಿ ಒಂದನ್ನು ಆರಿಸಿ

ಬೆಚ್ಚಗಿನ ಹವೆಯಲ್ಲಿ ನಾನು ಮೊದಲು ಹೇಳುವ ಹೆಸರು ಕರಿಬೇವು. ಹೆಚ್ಚಿನವರು ಅದನ್ನು ಎಲೆಗಾಗಿ ಸವರಿ ಸವರಿ ಗಿಡವಾಗಿಯೇ ಇಡುತ್ತಾರೆ. ಬಿಟ್ಟರೆ 15–20 ಅಡಿಯ ಸೊಗಸಾದ ಮರವಾಗುತ್ತದೆ. ಬಿಳಿ ಹೂಗೊಂಚಲಿಗೆ ಜೇನು, ಚಿಟ್ಟೆ ಬರುತ್ತವೆ. ಎಲೆಗೆ ಚಿಟ್ಟೆಯ ಹುಳ ಬರುತ್ತದೆ. ಹಣ್ಣು ಕೆಂಪಾಗಿ ಕಪ್ಪಾದ ಕೂಡಲೇ ಪಿಕಳಾರ, ಕೋಗಿಲೆಗಳು ಬಂದು ಕೂರುತ್ತವೆ. ಹುಳ, ಹೂವು, ಹಣ್ಣು ಮೂರೂ ಒಂದೇ ಚಿಕ್ಕ ಮರದಲ್ಲಿ ಸಿಗುವುದು ಅಪರೂಪ. ಬೇರಿನಿಂದ ಸುತ್ತಲೂ ಮರಿಗಿಡ ಏಳುತ್ತವೆ, ಅವನ್ನು ಆಗಾಗ ಕೀಳಬೇಕು. ಅದೊಂದೇ ಕೆಲಸ.

ನಿಂಬೆ ಇನ್ನೂ ಚಿಕ್ಕದು. ಹಣ್ಣನ್ನು ಹಕ್ಕಿ ಮುಟ್ಟುವುದಿಲ್ಲ, ಆದರೆ ಹುಳಕ್ಕೂ ಗೂಡಿಗೂ ಬಹಳ ಒಳ್ಳೆಯ ಗಿಡ. ಎರಡನೇ ಮರಕ್ಕೆ ಜಾಗ ಇದ್ದರೆ ಇದನ್ನೇ ಹಾಕಿ.

ಹಿಪ್ಪುನೇರಳೆ, ಅಂದರೆ ರೇಷ್ಮೆ ಹುಳಕ್ಕೆ ಸೊಪ್ಪು ಕೊಡುವ ಗಿಡ, ಹಣ್ಣಿನ ಹಕ್ಕಿಗಳಿಗೆ ಪ್ರಾಣ. ಕಡ್ಡಿ ಊರಿದರೆ ಬರುತ್ತದೆ. ಸವರಿದ ಮೇಲೆ ಬರುವ ಹೊಸ ಚಿಗುರಿನಲ್ಲಿ ಹಣ್ಣು ಬಿಡುವುದರಿಂದ ಚಿಕ್ಕದಾಗಿ ಇಟ್ಟುಕೊಳ್ಳುವುದೂ ಸುಲಭ. ಕಾರು ನಿಲ್ಲಿಸುವ, ಬಟ್ಟೆ ಒಣಹಾಕುವ ಜಾಗದ ಹತ್ತಿರ ಮಾತ್ರ ಬೇಡ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯೂ ನೇರಳೆ ಬಣ್ಣದ್ದೇ, ಕಲೆ ಬೇಗ ಹೋಗುವುದಿಲ್ಲ.

ಗಸಗಸೆ ಹಣ್ಣಿನ ಮರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಿಂಗಪುರ ಚೆರ್ರಿ ಅಂತಲೂ ಕರೆಯುತ್ತಾರೆ, ಆದರೆ ಮೂಲ ಉಷ್ಣವಲಯದ ಅಮೆರಿಕ. ಹಕ್ಕಿ ಬೇಗ ಬರಬೇಕು ಅನ್ನುವವರಿಗೆ ಇದಕ್ಕಿಂತ ಬೇಗ ಫಲ ಕೊಡುವ ಮರ ಕಡಿಮೆ. ಎರಡು ಮೂರು ವರ್ಷದಲ್ಲೇ ಹಣ್ಣು ಶುರುವಾಗುತ್ತದೆ, ನೀರು ಬಿಸಿಲು ಚೆನ್ನಾಗಿದ್ದರೆ ಹೆಚ್ಚುಕಡಿಮೆ ವರ್ಷಪೂರ್ತಿ ಇರುತ್ತದೆ. ಬದನಿಕೆ ಹಕ್ಕಿ, ಪಿಕಳಾರ, ಕೋಗಿಲೆ, ಕುಟ್ರಹಕ್ಕಿ ಎಲ್ಲವೂ ಬರುತ್ತವೆ. ರಾತ್ರಿ ಬಾವಲಿಗಳ ಸರದಿ. ಆದರೂ ನಾನು ಇದನ್ನು ಮೊದಲ ಸಾಲಿನಲ್ಲಿ ಇಡುವುದಿಲ್ಲ. ಕೊಂಬೆಗಳು ಅಡ್ಡಡ್ಡ ಕೊಡೆಯಂತೆ 25 ಅಡಿವರೆಗೂ ಹರಡುತ್ತವೆ, ಗಾಳಿಗೆ ಮುರಿಯುತ್ತವೆ. ಹಕ್ಕಿ ತಿಂದು ಹಾಕಿದ ಬೀಜ ಎಲ್ಲೆಂದರಲ್ಲಿ ಹುಟ್ಟುತ್ತದೆ. ಜಾಗ ಅಗಲವಾಗಿದ್ದು, ಪಕ್ಕದಲ್ಲಿ ಈ ನೆಲದ್ದೇ ಇನ್ನೊಂದು ಮರ ಇದ್ದರೆ ಹಾಕಬಹುದು.

ನುಗ್ಗೆಯ ಬಿಳಿ ಹೂವಿಗೆ ಸೂರಕ್ಕಿ, ಬೆಳ್ಗಣ್ಣ ಮುತ್ತಿಕೊಳ್ಳುತ್ತವೆ. ನೆರಳು ತೆಳು, ಹಾಗಾಗಿ ಕೆಳಗೆ ಬೇರೆ ಗಿಡವೂ ಬೆಳೆಯುತ್ತದೆ. ಆದರೆ ಇದರ ಕಾಂಡದ ಮೇಲೆ ಕಂಬಳಿಹುಳು ಗುಂಪುಗುಂಪಾಗಿ ಕೂರುವುದುಂಟು, ಮೈಗೆ ತಾಗಿದರೆ ವಿಪರೀತ ತುರಿಕೆ. ಬಾಗಿಲು, ಕಿಟಕಿ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ. ನಾವು ಹೆದರುವ ಈ ರೋಮದ ಹುಳವನ್ನೇ ಹುಡುಕಿಕೊಂಡು ಬರುವ ಹಕ್ಕಿಗಳೂ ಇವೆ. ಚಾತಕ ಮುಂತಾದ ಕೋಗಿಲೆ ಬಳಗದ ಹಕ್ಕಿಗಳಿಗೆ ಕಂಬಳಿಹುಳು ಇಷ್ಟದ ತಿನಿಸು.

30 ಅಡಿಗೆ ಜಾಗ ಇದ್ದರೆ ಕಕ್ಕೆ ನೋಡಿ. ಬೇಸಗೆಯಲ್ಲಿ ಎಲೆ ಉದುರಿಸಿ ಹಳದಿ ಹೂಗೊಂಚಲು ಇಳಿಬಿಡುತ್ತದೆ. ಅದರ ಎಳೆ ಎಲೆಗಳ ಮೇಲೆ ತಿಳಿ ಹಸಿರು ಬಣ್ಣದ ಚಿಟ್ಟೆಯ ಸಂತಾನ ನಡೆಯುತ್ತದೆ, ಕೆಲವು ವರ್ಷ ನೂರಾರು ಹುಳ. ಹಣ್ಣಿನ ಹಕ್ಕಿಗೆ ಇಲ್ಲೇನೂ ಇಲ್ಲ, ಹುಳದ ಹಕ್ಕಿಗೆ ಹಬ್ಬ. ಸೀಬೆ, ದಾಳಿಂಬೆ ನಿಮಗೆ ಗೊತ್ತೇ ಇವೆ. ಎರಡೂ ಚಿಕ್ಕ ಜಾಗಕ್ಕೆ ಹೊಂದುತ್ತವೆ, ಹಣ್ಣಿನ ಒಂದು ಪಾಲು ಹಕ್ಕಿಗೆ ಅಂತ ಮೊದಲೇ ಮನಸ್ಸು ಮಾಡಿದರೆ ಸಾಕು.

ಹಿಮ ಬೀಳುವ ದೇಶಗಳಲ್ಲಿ ಇರುವವರಿಗೆ ಇದೇ ಲೆಕ್ಕದಲ್ಲಿ ರೋವನ್, ಹಾಥಾರ್ನ್, ಚಿಕ್ಕ ಹಣ್ಣಿನ ಕ್ರ್ಯಾಬ್ ಆ್ಯಪಲ್ ಒಳ್ಳೆಯ ಆಯ್ಕೆ. ಅವುಗಳ ಹಣ್ಣು ಚಳಿ ಶುರುವಾದ ಮೇಲೂ ಕೊಂಬೆಯಲ್ಲಿ ಉಳಿಯುತ್ತದೆ, ಹುಳ ಸಿಗದ ಆ ತಿಂಗಳುಗಳಲ್ಲಿ ಅದೇ ಆಧಾರ. ಹಾಥಾರ್ನ್‌ಗೆ ಮುಳ್ಳೂ ಇದೆ.

ಪುಟ್ಟ ತೋಟಕ್ಕೆ ತರಬಾರದವು

ಆಲ, ಅರಳಿ, ಅತ್ತಿಯಂಥ ಮರಗಳಷ್ಟು ಹಕ್ಕಿ ಸಾಕುವ ಮರ ಇನ್ನೊಂದಿಲ್ಲ. ಆದರೆ ಅವುಗಳ ಬೇರಿಗೂ ಹರಹಿಗೂ ಮನೆ ಅಂಗಳ ಸಾಲದು. ಕಡೆಗೆ ಕಡಿಯಲೇಬೇಕಾಗುತ್ತದೆ. ಅಂಥ ಮರ ಬಯಲಿನಲ್ಲಿ ನೆಡಿ. ಹಕ್ಕಿ ತಂದು ಹಾಕಿದ ಬೀಜದಿಂದ ಗೋಡೆ ಬಿರುಕಿನಲ್ಲಿ ಅರಳಿ ಮೊಳೆತರೆ ಎರಡೆಲೆ ಇರುವಾಗಲೇ ತೆಗೆಯಿರಿ.

ಆಫ್ರಿಕನ್ ಟ್ಯುಲಿಪ್ ಮರದ ಕೆಂಪು ಹೂ ಕಣ್ಣಿಗೆ ಹಬ್ಬ. ಆದರೆ ಆ ಹೂವಿನೊಳಗೆ ಮುಜಂಟಿ ಜೇನುಗಳು ಸತ್ತು ಬೀಳುವುದನ್ನು ಹಲವು ಕಡೆ ದಾಖಲಿಸಿದ್ದಾರೆ, ಮರವೂ ತುಂಬ ದೊಡ್ಡದು. ಲಂಟಾನದ ಹಣ್ಣನ್ನು ಹಕ್ಕಿ ತಿನ್ನುತ್ತದೆ ನಿಜ, ಅದಕ್ಕೇ ಅದು ಕಾಡೆಲ್ಲ ಹಬ್ಬಿರುವುದು. ಅಲಂಕಾರಕ್ಕೆ ಬೆಳೆಸುವ ನಾಂಡಿನಾ ಗಿಡದ ಕೆಂಪು ಹಣ್ಣಿನಲ್ಲಿ ಸಯನೈಡ್ ಇರುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ 2009ರಲ್ಲಿ ಅದನ್ನು ಹೊಟ್ಟೆ ತುಂಬ ತಿಂದ ಹಕ್ಕಿಗಳು ಹತ್ತಾರು ಸಂಖ್ಯೆಯಲ್ಲಿ ಸತ್ತವು. ಕೆಂಪು ಹಣ್ಣೆಲ್ಲ ಹಕ್ಕಿಗೆ ಒಳ್ಳೆಯದಲ್ಲ.

ಹೆಜ್ಜೆ 7: ಗಿಡ ತರುವುದು, ನೆಡುವುದು

ದೊಡ್ಡ ಗಿಡ ತಂದರೆ ಬೇಗ ಮರವಾಗುತ್ತದೆ ಅನ್ನಿಸುತ್ತದೆ. ಆದರೆ ಚೀಲದಲ್ಲಿ ಬಹಳ ದಿನ ಇದ್ದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ. ಎರಡು ಮೂರಡಿ ಎತ್ತರದ, ಕಾಂಡ ಗಟ್ಟಿಯಾಗಿರುವ ಗಿಡ ಆರಿಸಿ. ಚೀಲದ ಅಡಿ ತಿರುಗಿಸಿ ನೋಡಿ. ದಪ್ಪ ಬೇರು ತೂತಿನಿಂದ ಹೊರಬಂದು ಸುತ್ತಿಕೊಂಡಿದ್ದರೆ ಅದನ್ನು ಬಿಟ್ಟು ಬೇರೆ ತೆಗೆದುಕೊಳ್ಳಿ.

ಮಳೆ ಶುರುವಾಗಿ ನೆಲ ಚೆನ್ನಾಗಿ ನೆಂದ ಮೇಲೆ ನೆಡುವುದು ಒಳ್ಳೆಯದು. ಗುಂಡಿ ಆಳಕ್ಕಿಂತ ಅಗಲ ಇರಬೇಕು. ಬೇರಿನ ಮಣ್ಣುಂಡೆ ಎಷ್ಟು ಅಗಲ ಇದೆಯೋ ಅದರ ಎರಡು ಮೂರು ಪಟ್ಟು ಅಗಲ, ಆದರೆ ಆಳ ಉಂಡೆಯಷ್ಟೇ. ಚೀಲ ಕತ್ತರಿಸಿ ತೆಗೆಯಿರಿ, ಸುತ್ತಿಕೊಂಡ ಬೇರಿದ್ದರೆ ಬಿಡಿಸಿ ಅಥವಾ ಕತ್ತರಿಸಿ. ಕಾಂಡ ಕೆಳಗೆ ಅಗಲವಾಗಿ ಬೇರಾಗಿ ತಿರುಗುವ ಜಾಗ ಮಣ್ಣಿನ ಮಟ್ಟಕ್ಕೆ ಕಾಣುತ್ತಿರಬೇಕು. ಅದು ಹೂತುಹೋದರೆ ಕಾಂಡ ಕೊಳೆಯುತ್ತದೆ, ಮರ ನಾಲ್ಕೈದು ವರ್ಷವಾದರೂ ಏಳುವುದಿಲ್ಲ. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಸುತ್ತ ಪಾತಿ ಮಾಡಿ, ತುಂಬ ನೀರು ಹಾಕಿ. ಪಾತಿಯ ಮೇಲೆ ಎರಡು ಮೂರು ಅಂಗುಲ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ.

ಗಾಳಿ ಜಾಸ್ತಿ ಇಲ್ಲದಿದ್ದರೆ ಗೂಟ ಬೇಡ. ಅಲುಗಾಡಿದಷ್ಟೂ ಕಾಂಡ ಗಟ್ಟಿಯಾಗುತ್ತದೆ. ಮೊದಲ ಎರಡು ಬೇಸಗೆ ನೀರು ತಪ್ಪಿಸಬೇಡಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆ ಎರಡು ಸಲ ನಾಲ್ಕೈದು ಚೊಂಬು ಹಾಕಿದರೆ ಬೇರು ಆಳಕ್ಕೆ ಇಳಿಯುತ್ತದೆ.

ಹೆಜ್ಜೆ 8: ಹಕ್ಕಿ ಬರಲು ಶುರುವಾದ ಮೇಲೆ

ಉದುರಿದ ಎಲೆಯನ್ನು ಮರದ ಬುಡದಲ್ಲೇ ಬಿಡಿ. ಎಷ್ಟೋ ಹುಳಗಳು ಮಣ್ಣಿಗೆ ಇಳಿದು ಆ ಎಲೆಗಳ ಅಡಿಯಲ್ಲೇ ಕೋಶ ಕಟ್ಟುತ್ತವೆ. ಗುಡಿಸಿ ಸುಟ್ಟರೆ ಮುಂದಿನ ವರ್ಷದ ಹುಳವೂ ಜೊತೆಗೆ ಹೋಗುತ್ತದೆ.

ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಆಳ ಒಂದೆರಡು ಅಂಗುಲ ಸಾಕು, ಮಧ್ಯೆ ಕಾಲೂರಲು ಒಂದು ಕಲ್ಲು. ಎರಡು ದಿನಕ್ಕೊಮ್ಮೆ ತೊಳೆದು ನೀರು ಬದಲಿಸಿದರೆ ಸೊಳ್ಳೆ ಆಗುವುದಿಲ್ಲ. ತಟ್ಟೆಯನ್ನು ಪೊದೆಗೆ ತೀರಾ ಅಂಟಿಸಿ ಇಡಬೇಡಿ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಆರೇಳು ಅಡಿ ಬಯಲು ಇದ್ದರೆ ಹಕ್ಕಿಗೆ ಹಾರಲು ಸಮಯ ಸಿಗುತ್ತದೆ. ಮನೆಯಲ್ಲೇ ಬೆಕ್ಕು ಸಾಕಿದ್ದರೆ, ಮರಿಗಳು ಗೂಡು ಬಿಡುವ ದಿನಗಳಲ್ಲಾದರೂ ಅದನ್ನು ಒಳಗೆ ಇಟ್ಟುಕೊಳ್ಳಿ.

ದೊಡ್ಡ ಗಾಜಿನ ಕಿಟಕಿ ಮರದ ಎದುರಿಗಿದ್ದರೆ ಅದಕ್ಕೆ ಈಗಲೇ ಏನಾದರೂ ಮಾಡಿ. ಗಾಜಿನಲ್ಲಿ ಕಾಣುವ ಕೊಂಬೆಯನ್ನೇ ನಿಜವೆಂದುಕೊಂಡು ಹಕ್ಕಿ ನೇರ ಬಂದು ಹೊಡೆಯುತ್ತದೆ. ಒಂದು ದೊಡ್ಡ ಸ್ಟಿಕ್ಕರ್ ಅಂಟಿಸಿದರೆ ಸಾಲದು, ಅದರ ಪಕ್ಕದಿಂದ ಹಾರಲು ನೋಡುತ್ತದೆ. ಗಾಜಿನ ಹೊರಮೈ ಮೇಲೆ ಎರಡೆರಡು ಅಂಗುಲಕ್ಕೆ ಒಂದರಂತೆ ಚುಕ್ಕೆ ಅಥವಾ ಗೆರೆ ಬರಬೇಕು. ಬಣ್ಣದ ಪೆನ್ನಿನಿಂದ ಚುಕ್ಕೆ ಇಟ್ಟರೂ ಆಯಿತು, ಬಲೆ ಕಟ್ಟಿದರೂ ಆಯಿತು.

ಕೊಂಬೆ ಸವರಬೇಕಾದಾಗ ಮೊದಲು ಗೂಡಿದೆಯಾ ನೋಡಿ. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಕಾಣುವುದಿಲ್ಲ. ಸ್ವಲ್ಪ ದೂರ ಹೋಗಿ ಹತ್ತು ನಿಮಿಷ ಕೂತರೆ, ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋಗುವುದು ಕಾಣುತ್ತದೆ. ಆಗ ಕತ್ತರಿ ಒಳಗಿಡಿ. ಮರಿ ಹಾರಿಹೋಗಲು ಹೆಚ್ಚೆಂದರೆ ಎರಡು ಮೂರು ವಾರ.

ಆ ದಿನಗಳಲ್ಲಿ ಮೈತುಂಬ ಗರಿ ಬಂದ, ಇನ್ನೂ ಸರಿಯಾಗಿ ಹಾರಲು ಬಾರದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಎತ್ತಿಕೊಂಡು ಮನೆಯೊಳಗೆ ತರಬೇಡಿ. ತಾಯಿ ತಂದೆ ಅಲ್ಲೇ ಎಲ್ಲೋ ಕೂತಿರುತ್ತವೆ, ನೀವು ದೂರ ಸರಿದರೆ ಬಂದು ಉಣಿಸುತ್ತವೆ. ರಸ್ತೆಗೆ ಬರುವಂತಿದ್ದರೆ ಮಾತ್ರ ಹತ್ತಿರದ ಪೊದೆಯೊಳಗೆ ಬಿಡಿ. ಗರಿಯೇ ಬಾರದ ಮರಿ ಗೂಡಿನಿಂದ ಬಿದ್ದಿದ್ದರೆ ಮೆಲ್ಲಗೆ ಎತ್ತಿ ಅದೇ ಗೂಡಿನಲ್ಲಿಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲ ಅನ್ನೋ ಮಾತು ನಿಜವಲ್ಲ.